ಹಸಿರು ಛಾಯೆಯ ಕಟ್ಟಿಗೆ ಒಲೆಗೆ ಬೇಡ: ರಾಸಾಯನಿಕ ಉಣಿಸಿದ ಮರಮುಟ್ಟನ್ನು ಗುರುತಿಸಿ, ಬಳಸಿ, ವಿಲೇವಾರಿ ಮಾಡುವ ಬಗೆ

ಜಮಖಂಡಿ ತಾಲ್ಲೂಕಿನ ನಮ್ಮ ಸಂಬಂಧಿಕರ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆಯ ಕೆಳಗೆ ಉರಿಯುತ್ತಿದ್ದ ಕಟ್ಟಿಗೆಯೊಂದು ಬಣ್ಣದ ಕಾರಣಕ್ಕೆ ನನ್ನ ಕಣ್ಣಿಗೆ ಬಿತ್ತು. ಗರಗಸ ಆಡಿದ ತುದಿಯಲ್ಲಿ ಹೊರಗಿನ ಬೆರಳು ದಪ್ಪದ ಸುತ್ತು ತಿಳಿಹಸಿರಾಗಿತ್ತು, ಒಳಗಿನ ತಿರುಳು ಮಾತ್ರ ಎಂದಿನ ಕಂದು ಬಣ್ಣದಲ್ಲಿತ್ತು. ತೋಟದ ಬೇಲಿ ಬದಲಿಸುವಾಗ ಕಿತ್ತ ಹಳೆಯ ಕಂಬಗಳನ್ನು ತುಂಡರಿಸಿ ನೀರೊಲೆಗೆ ಇಟ್ಟುಕೊಂಡಿದ್ದರು. ಪಕ್ಕದ ತಗಡಿನ ಡಬ್ಬಿಯಲ್ಲಿ ಜರಡಿ ಹಿಡಿದ ನುಣ್ಣನೆಯ ಬೂದಿ ಇತ್ತು. “ಈ ಬೂದಿ ಭಾಳ ಚಲೋ ಐತಿ ನೋಡಪಾ, ಒಮ್ಮೆ ತಿಕ್ಕಿದರ ಕೊಡ ಥಳಥಳ ಅಂತೈತಿ” ಎಂದು ಆಯಿ ಅಭಿಮಾನದಿಂದಲೇ ಹೇಳಿದರು. ಅದೇ ಬೂದಿ ಹಿತ್ತಲಿನ ಬದನೆ ಗಿಡದ ಎಲೆಯ ಮೇಲೂ ಬಿದ್ದಿತ್ತು, ಬೀಜಕ್ಕೆಂದು ತೆಗೆದಿಟ್ಟ ಹೆಸರುಕಾಳಿನಲ್ಲೂ ಬೆರೆತಿತ್ತು.

ಆ ಹಸಿರು ಸುತ್ತು ತಾಮ್ರದ್ದು. ತಾಮ್ರದ ಜೊತೆಗೆ ಆ ಕಂಬದಲ್ಲಿ ಕ್ರೋಮಿಯಂ ಮತ್ತು ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣ ಎಂದು ಕರೆದ ವಿಷದ ಮೂಲಧಾತು, ಇರುವ ಸಾಧ್ಯತೆ ಬಹಳವಿತ್ತು. ಕಟ್ಟಿಗೆ ಸುಡುತ್ತದೆ, ಆರ್ಸೆನಿಕ್ ಸುಟ್ಟು ನಾಶವಾಗುವುದಿಲ್ಲ. ಒಂದು ಭಾಗ ಹೊಗೆಯಲ್ಲಿ ಹೋದರೆ ಉಳಿದದ್ದು ಬೂದಿಯಲ್ಲಿ ಗಟ್ಟಿಯಾಗಿ ಕೂಡುತ್ತದೆ. ಬೂದಿಯನ್ನು ಕಸವೆಂದು ಎಸೆಯುವ ಊರುಗಳಲ್ಲಿ ಈ ಅಪಾಯ ತಿಪ್ಪೆಯಲ್ಲಿ ನಿಲ್ಲಬಹುದು. ಪಾತ್ರೆ ತಿಕ್ಕಲು, ಕಾಳು ಕೆಡದಂತೆ ಇಡಲು, ಗಿಡದ ಹುಳ ಓಡಿಸಲು ಬೂದಿಯನ್ನೇ ನಂಬಿದ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಭಾಗದ ಮನೆಗಳಲ್ಲಿ ಅದು ನೇರವಾಗಿ ತಾಟಿಗೆ ಬರುತ್ತದೆ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲ ಹೆಜ್ಜೆ: ಕಟ್ಟಿಗೆಯಲ್ಲಿ ಏನಿದೆ ಎಂದು ಗುರುತಿಸುವುದು

ಕಟ್ಟಿಗೆಗೆ ರಾಸಾಯನಿಕ ಉಣಿಸುವುದು ತಪ್ಪೇನೂ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಾಗೆಯೇ ನೆಟ್ಟ ನೀಲಗಿರಿ ಕಂಬ ಗೆದ್ದಲಿಗೂ ಬೂಷ್ಟಿಗೂ ತುತ್ತಾಗಿ ಕೆಲವೇ ವರ್ಷಗಳಲ್ಲಿ ಬುಡದಲ್ಲಿ ಮುರಿಯುತ್ತದೆ. ಸರಿಯಾಗಿ ಸಂಸ್ಕರಿಸಿದ ಕಂಬ ಇಪ್ಪತ್ತು ವರ್ಷಕ್ಕೂ ಹೆಚ್ಚು ನಿಲ್ಲುತ್ತದೆ, ಆ ಮಟ್ಟಿಗೆ ಕಾಡಿನ ಮರ ಉಳಿಯುತ್ತದೆ. ಸಂಸ್ಕರಣೆಯೆಂದರೆ ಬರೀ ಮೇಲೆ ಬಳಿಯುವುದಲ್ಲ. ಒಣಗಿದ ಕಟ್ಟಿಗೆಯನ್ನು ಉದ್ದನೆಯ ಉಕ್ಕಿನ ಸಿಲಿಂಡರಿನೊಳಗೆ ಇಟ್ಟು, ಮೊದಲು ಗಾಳಿಯನ್ನು ಹೀರಿ ತೆಗೆದು, ಬಳಿಕ ದ್ರಾವಣವನ್ನು ಒತ್ತಡದಲ್ಲಿ ಒಳಗೆ ತಳ್ಳುತ್ತಾರೆ. ಹೊರಗಿನ ಬಿಳಿಭಾಗ ಇದನ್ನು ಚೆನ್ನಾಗಿ ಹೀರುತ್ತದೆ, ಒಳಗಿನ ಕೆಚ್ಚು ಹೀರುವುದಿಲ್ಲ. ನಾನು ಕಂಡ ಹಸಿರು ಸುತ್ತು ಮತ್ತು ಕಂದು ತಿರುಳಿನ ಗುಟ್ಟು ಇದೇ.

ಈ ದ್ರಾವಣಗಳಲ್ಲಿ ಹೆಚ್ಚು ಹೆಸರಾದದ್ದು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವಾದ ಸಿಸಿಎ. ಇದನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ. ಇದರಲ್ಲಿ ತಾಮ್ರ ಬೂಷ್ಟನ್ನು ಕೊಲ್ಲುತ್ತದೆ, ಆರ್ಸೆನಿಕ್ ಗೆದ್ದಲನ್ನೂ ತಾಮ್ರಕ್ಕೆ ಬಗ್ಗದ ಬೂಷ್ಟನ್ನೂ ನೋಡಿಕೊಳ್ಳುತ್ತದೆ, ಕ್ರೋಮಿಯಂ ಅವೆರಡನ್ನೂ ಕಟ್ಟಿಗೆಯ ನಾರಿಗೆ ಕಚ್ಚಿಸುತ್ತದೆ. ಕೆಲಸದ ಮಟ್ಟಿಗೆ ಇದು ಅತ್ಯಂತ ಯಶಸ್ವಿ ಆವಿಷ್ಕಾರವಾದ್ದರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಬೇಲಿ, ಸೇತುವೆ, ವಿದ್ಯುತ್ ಕಂಬಗಳಲ್ಲಿ ಇದೇ ತುಂಬಿತ್ತು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಮುಟ್ಟಿನಿಂದ ಇದನ್ನು ಹಿಂದಕ್ಕೆ ಪಡೆದರು, ಯುರೋಪಿನಲ್ಲೂ 2004ರಿಂದ ಬಿಗಿಯಾದ ನಿರ್ಬಂಧ ಬಂತು. ಆದರೆ ಅದಕ್ಕೂ ಮೊದಲು ನೆಟ್ಟ ಕಂಬಗಳು ಇನ್ನೂ ನಿಂತಿವೆ, ಕಿತ್ತವು ಗುಜರಿಯಿಂದ ಗುಜರಿಗೆ ಓಡಾಡುತ್ತಿವೆ.

ಹಸಿರು ಬಣ್ಣ ಕಂಡ ಕೂಡಲೇ ಸಿಸಿಎ ಎಂದು ತೀರ್ಮಾನಿಸಲಾಗದು. ಆರ್ಸೆನಿಕ್ ಬದಲು ಬೋರಾನ್ ಸೇರಿಸಿದ ಸಿಸಿಬಿ, ತಾಮ್ರವನ್ನು ಅಮೋನಿಯಾ ಜಾತಿಯ ಸಂಯುಕ್ತದೊಂದಿಗೆ ಕೂಡಿಸಿದ ಎಸಿಕ್ಯೂ ಕೂಡ ಹಸಿರಾಗಿಯೇ ಕಾಣುತ್ತವೆ. ಬಿಸಿಲಿಗೆ ಹತ್ತು ವರ್ಷ ಒಣಗಿದ ಕಂಬ ಹೊರಗೆ ಬೂದುಬಣ್ಣಕ್ಕೆ ತಿರುಗಿ ಸಾಮಾನ್ಯ ಕಟ್ಟಿಗೆಯಂತೆಯೇ ತೋರುತ್ತದೆ. ಆದ್ದರಿಂದ ತುದಿಯಿಂದ ಎರಡು ಅಂಗುಲ ಒಳಗೆ ಹೊಸದಾಗಿ ಕೊಯ್ದು ಅಡ್ಡಮುಖವನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಹಸಿರು ಸುತ್ತು ಕಂಡರೆ, ಯಾವ ರಾಸಾಯನಿಕವೆಂದು ಹೇಳುವ ಕಾಗದ ನಿಮ್ಮಲ್ಲಿ ಇಲ್ಲದಿದ್ದರೆ, ಆರ್ಸೆನಿಕ್ ಇದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಎರಡನೆಯದು ಕ್ರಿಯೋಸೋಟ್. ಕಲ್ಲಿದ್ದಲ ಟಾರಿನಿಂದ ಬಟ್ಟಿ ಇಳಿಸಿದ ಈ ಕಪ್ಪು ಎಣ್ಣೆಯನ್ನು ಗುರುತಿಸಲು ಕಣ್ಣಿಗಿಂತ ಮೂಗೇ ಸಾಕು. ಹಳೆಯ ರೈಲ್ವೆ ಸ್ಲೀಪರುಗಳಲ್ಲಿರುವುದು ಇದೇ. ನಮ್ಮ ಭಾಗದ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆದಾಗ, ಕಟ್ಟಿಗೆ ಸ್ಲೀಪರುಗಳ ಜಾಗಕ್ಕೆ ಕಾಂಕ್ರೀಟಿನವು ಬಂದಾಗ, ಹರಾಜಿನಲ್ಲಿ ಹೊರಬಿದ್ದ ಹಳೆಯವು ಎಷ್ಟೋ ಮನೆಗಳ ಹೊಸ್ತಿಲು, ಗೇಟು, ದನದ ಕೊಟ್ಟಿಗೆಯ ಕಂಬ ಆಗಿವೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಇವು ಬೆವರುತ್ತವೆ. ಬಿರುಕಿನಿಂದ ಕಪ್ಪು ಜಿಗುಟು ಹೊರಬಂದು ಕೈಗೆ ಮೆತ್ತಿದರೆ ಆ ಚರ್ಮ ಬಿಸಿಲಿಗೆ ಉರಿಯುತ್ತದೆ. ಇದರಲ್ಲಿ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳಿವೆ.

ಪೆಂಟಾಕ್ಲೋರೋಫಿನಾಲ್ ಎಂಬ ಮತ್ತೊಂದು ಸಂರಕ್ಷಕ ಭಾರತದಲ್ಲಿ ನಿಷೇಧಗೊಂಡಿದೆ. ಬೇಗ ಕರಗದೆ ಪರಿಸರದಲ್ಲಿ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ 2015ರಲ್ಲಿ ಅದು ಸೇರಿತು. ಹಳೆಯ ದಾಸ್ತಾನಿನಲ್ಲಿ ಸಿಕ್ಕರೆ ಮುಟ್ಟಬೇಡಿ ಎನ್ನುವಷ್ಟು ಇಲ್ಲಿ ಸಾಕು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಉಣಿಸಿದ ಕಟ್ಟಿಗೆಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಬ್ಬರ್ ಮರದ ಪೀಠೋಪಕರಣ ಬಹುಪಾಲು ಈ ಬಗೆಯದು. ಪ್ರಯೋಗಾಲಯದಲ್ಲಿ ಇದನ್ನು ಪತ್ತೆ ಹಚ್ಚುವುದು ಅರಿಶಿನದ ಸಾರದಿಂದ ಎಂಬುದು ನಮ್ಮ ಅಡುಗೆಮನೆಗೆ ಹತ್ತಿರದ ಸಂಗತಿ: ಆಮ್ಲ ಬೆರೆಸಿದ ಅರಿಶಿನದ ಸಾರ ಬೋರಾನ್ ತಾಗಿದಲ್ಲಿ ಕೆಂಪಾಗುತ್ತದೆ. ಮನೆಯಲ್ಲಿ ಹೀಗೆ ಮಾಡಿ ನಿರ್ಣಯಿಸಬಾರದು, ಏಕೆಂದರೆ ಸುಣ್ಣ, ಬೂದಿ ತಾಗಿದರೂ ಅರಿಶಿನ ಕೆಂಪಾಗುತ್ತದೆ.

ಎರಡನೆಯ ಹೆಜ್ಜೆ: ವಿಷ ಎಲ್ಲಿಗೆ ಹೋಗುತ್ತದೆ ಎಂದು ಅರಿಯುವುದು

ಒಂದು ಲೆಕ್ಕ ಹಾಕೋಣ. ನೆಲದಲ್ಲಿ ನೆಡುವ ಕಟ್ಟಿಗೆಗೆ ಘನ ಮೀಟರಿಗೆ 6.4 ಕೆ.ಜಿ. ಸಿಸಿಎ ಉಣಿಸುವುದು ಅಮೆರಿಕದಲ್ಲಿ ರೂಢಿಯಲ್ಲಿದ್ದ ಪ್ರಮಾಣ, ಅದರ ನೂರಕ್ಕೆ 34 ಭಾಗ ಆರ್ಸೆನಿಕ್ ಆಕ್ಸೈಡ್. ಆರು ಅಡಿ ಉದ್ದ, ನಾಲ್ಕು ಅಂಗುಲ ದಪ್ಪದ ಉರುಟು ಕಂಬ ಈ ಪ್ರಮಾಣದಲ್ಲಿ ಪೂರ್ತಿ ಹೀರಿಕೊಂಡರೆ ಅದರಲ್ಲಿ ಸುಮಾರು 20 ಗ್ರಾಂ ಆರ್ಸೆನಿಕ್ ಇರುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದೇ ಕಂಬದ ಆರ್ಸೆನಿಕ್ 20 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ನೆಟ್ಟ ಕಂಬದಿಂದ ಅಷ್ಟೂ ಹೊರಬರುವುದಿಲ್ಲ. ಬಹುಪಾಲು ನಾರಿಗೆ ಅಂಟಿಕೊಂಡೇ ಇರುತ್ತದೆ, ಮೊದಲ ಮಳೆಗಾಲಗಳಲ್ಲಿ ಹೆಚ್ಚಾಗಿಯೂ ಆಮೇಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿಯೂ ಸೋರುತ್ತದೆ. ಆದರೆ ಅದೇ ಕಂಬವನ್ನು ಸುಟ್ಟಾಗ, ಹೊಗೆಯಲ್ಲಿ ಹೋದದ್ದನ್ನು ಬಿಟ್ಟು, ಉಳಿದದ್ದೆಲ್ಲ ಒಂದೆರಡು ಬೊಗಸೆ ಬೂದಿಯಲ್ಲಿ ಸಿಗುತ್ತದೆ. ಅದೂ ನೀರಿಗೆ ಸುಲಭವಾಗಿ ಬಿಟ್ಟುಕೊಡುವ ರೂಪದಲ್ಲಿ.

ಸೋರಿದ ವಿಷದ ಹೆಚ್ಚಿನ ಭಾಗ ಕಂಬದ ಸುತ್ತಲಿನ ಒಂದು ಅಡಿ ಮಣ್ಣಿನಲ್ಲೇ ನಿಲ್ಲುತ್ತದೆ. ನಮ್ಮ ಎರೆಭೂಮಿಯ ಜಿಗುಟು ಮಣ್ಣು ತಾಮ್ರವನ್ನು ಗಟ್ಟಿಯಾಗಿ ಹಿಡಿದಿಡುವುದು ಒಳ್ಳೆಯ ಸಂಗತಿ. ಆರ್ಸೆನಿಕ್ ವಿಷಯದಲ್ಲಿ ಈ ನೆಮ್ಮದಿಯಿಲ್ಲ: ಮಣ್ಣು ಕ್ಷಾರೀಯವಾದಷ್ಟೂ ಅದರ ಹಿಡಿತ ಸಡಿಲವಾಗುತ್ತದೆ, ಡಿಎಪಿಯಂಥ ಗೊಬ್ಬರದ ರಂಜಕವು ಮಣ್ಣಿಗೆ ಅಂಟಿದ್ದ ಆರ್ಸೆನಿಕ್ ಅನ್ನು ಪಕ್ಕಕ್ಕೆ ತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ಮುಂಗಾರಿನ ಮೊದಲ ಮಳೆ ಆ ಬಿರುಕುಗಳಲ್ಲೇ ಕೆಳಗೆ ಇಳಿಯುತ್ತದೆ.

ದ್ರಾಕ್ಷಿ ತೋಟದವರು ತಾಮ್ರದ ಬಗ್ಗೆಯೂ ಯೋಚಿಸಬೇಕು. ತಾಮ್ರದ ಲವಣವಾದ ಮೈಲುತುತ್ತ, ನಮ್ಮ ಗಡಿ ಭಾಗದವರು ಮೋರಚೂದ ಎನ್ನುವುದು, ಬೋರ್ಡೋ ದ್ರಾವಣದ ರೂಪದಲ್ಲಿ ವರ್ಷವೂ ತಿಕೋಟಾ, ಬಬಲೇಶ್ವರದ ತೋಟಗಳ ಮಣ್ಣಿಗೆ ಬೀಳುತ್ತಲೇ ಇದೆ. ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ, ಒಟ್ಟುಗೂಡುತ್ತ ಹೋಗುತ್ತದೆ. ಆ ಹೊರೆಯ ಮೇಲೆ ಕಂಬದಿಂದ ಸೋರುವ ತಾಮ್ರವೂ ಸೇರುತ್ತದೆ. ಆರ್ಸೆನಿಕ್ ಇಲ್ಲವೆಂದು ಹೊಗಳಿಸಿಕೊಂಡ ಎಸಿಕ್ಯೂ ಕಟ್ಟಿಗೆ ಸಿಸಿಎಗಿಂತ ಹೆಚ್ಚು ತಾಮ್ರವನ್ನು ಬಿಡುತ್ತದೆ. ತಾಮ್ರ ನಮಗೆ ಅಷ್ಟೇನೂ ವಿಷವಲ್ಲದಿದ್ದರೂ ಮೀನಿಗೆ, ನೀರಿನ ಸಣ್ಣ ಜೀವಿಗಳಿಗೆ ಬಹಳ ಕಡಿಮೆ ಪ್ರಮಾಣದಲ್ಲೇ ಮಾರಕ. ಹಾಗಾಗಿ ಕೃಷಿ ಹೊಂಡದ ದಡಕ್ಕೆ, ಆಲಮಟ್ಟಿ ಹಿನ್ನೀರಿನ ಅಂಚಿಗೆ, ಹಳ್ಳದ ಕಾಲುಸಂಕಕ್ಕೆ ಹಸಿರು ಕಟ್ಟಿಗೆ ತಕ್ಕದ್ದಲ್ಲ.

ಮೂರನೆಯ ಹೆಜ್ಜೆ: ಕೊಳ್ಳುವ ಮುಂಚೆ ಕೇಳುವುದು

ಕಟ್ಟಿಗೆ ಅಡ್ಡೆಯಲ್ಲಿ “ಟ್ರೀಟ್ಮೆಂಟ್ ಆಗಿದೆಯೇ?” ಎಂದಷ್ಟೇ ಕೇಳಿದರೆ “ಆಗೇದರೀ” ಎಂಬ ಉತ್ತರ ಬರುತ್ತದೆ. ರಾಸಾಯನಿಕದ ಹೆಸರು ಯಾವುದು, ಘನ ಮೀಟರಿಗೆ ಎಷ್ಟು ಕೆ.ಜಿ. ಉಣಿಸಿದ್ದಾರೆ, ಒತ್ತಡದಲ್ಲಿ ಉಣಿಸಿದ್ದೋ ಅದ್ದಿ ತೆಗೆದದ್ದೋ, ಉಣಿಸಿ ಎಷ್ಟು ದಿನವಾಯಿತು ಎಂದು ಕೇಳಬೇಕು, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಮರಮುಟ್ಟಿನ ಸಂರಕ್ಷಣೆಗೆ ಐಎಸ್ 401 ಎಂಬ ಭಾರತೀಯ ಮಾನಕ ಇದೆ, ಅದರ ಪ್ರಕಾರ ಮಾಡಿದ್ದೇ ಎಂದು ಕೇಳಿದರೆ ಮಾರುವವನಿಗೂ ನೀವು ತಿಳಿದು ಕೇಳುತ್ತಿದ್ದೀರೆಂದು ಗೊತ್ತಾಗುತ್ತದೆ. ಉಣಿಸಿದ ಮೇಲೆ ನೆರಳಿನಲ್ಲಿ, ಮಳೆ ತಾಗದಂತೆ, ಕನಿಷ್ಠ ಎರಡು ಮೂರು ವಾರ ಇಟ್ಟಿರಬೇಕು. ರಾಸಾಯನಿಕ ನಾರಿಗೆ ಕಚ್ಚುವುದು ಆ ಅವಧಿಯಲ್ಲೇ. ಮುಟ್ಟಿದರೆ ಕೈಗೆ ಹಸಿರು ಹತ್ತುವ, ಮೇಲೆ ಪುಡಿ ಕೂತಿರುವ ಕಟ್ಟಿಗೆಯನ್ನು ಒಯ್ಯಬೇಡಿ.

ಬೆಳಗಾವಿಯ ಉದ್ಯಮಬಾಗದಂಥ ಕಡೆ ಯಂತ್ರಗಳ ಜೊತೆ ಬರುವ ಪ್ಯಾಕಿಂಗ್ ಕಟ್ಟಿಗೆ ಮತ್ತು ಪ್ಯಾಲೆಟ್‌ಗಳು ಈಗ ಕೋಳಿಗೂಡು, ಮಂಚ, ಕಪಾಟುಗಳಿಗೆ ಅಗ್ಗದ ಮಾಲು. ಹೊರದೇಶಕ್ಕೆ ಓಡಾಡಿದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿರುವ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಅಕ್ಷರಗಳಿದ್ದರೆ ಒಳತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಇರುವಂತೆ ಕಾಯಿಸಿದ್ದಾರೆ, ಆ ಸಂಸ್ಕರಣೆಗೆ ರಾಸಾಯನಿಕ ಬಳಸಿಲ್ಲ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ. ಆ ಅನಿಲ ಓಜೋನ್ ಪದರಕ್ಕೆ ಹಾನಿ ಮಾಡುವುದೆಂದು ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣದಲ್ಲಿದೆ. ಮುದ್ರೆಯಲ್ಲಿ ‘ಎಚ್‌ಟಿ’ ಇರುವುದನ್ನೇ ಆರಿಸಿ, ಅದರಲ್ಲೂ ಎಣ್ಣೆ ಅಥವಾ ರಾಸಾಯನಿಕದ ಕಲೆ ಇಲ್ಲದ್ದನ್ನು ತೆಗೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಎಲ್ಲಿ ಬಳಸಬಾರದು ಎಂದು ನಿಶ್ಚಯಿಸುವುದು

ಬಾಯಿಗೆ ಹೋಗುವ ಯಾವುದಕ್ಕೂ ಹಸಿರು ಅಥವಾ ಕಪ್ಪು ಕಟ್ಟಿಗೆ ತಾಗಬಾರದು ಎಂಬ ಒಂದು ಮಾತನ್ನು ಇಟ್ಟುಕೊಂಡರೆ ಪಟ್ಟಿ ತಾನಾಗಿ ಬೆಳೆಯುತ್ತದೆ. ದನ ನೆಕ್ಕುವ ಗೋದಲಿ, ಕಾಳಿನ ಕಣಜ, ಹಗೇವಿನ ಮುಚ್ಚಳ, ಬಾವಿಯ ಗಡಗಡಿಯ ಚೌಕಟ್ಟು, ಒಣದ್ರಾಕ್ಷಿ ಶೆಡ್ಡಿನ ಪಟ್ಟಿಗಳು, ಜೇನುಪೆಟ್ಟಿಗೆ, ರೊಟ್ಟಿ ಬಡಿಯುವ ಕೊಣಮಿಗೆ, ಮಕ್ಕಳ ಜೋಕಾಲಿ ಎಲ್ಲವೂ ಇದರಲ್ಲಿ ಬರುತ್ತವೆ. ತಿಪ್ಪೆಗುಂಡಿಗೆ, ಎರೆಹುಳು ಗೊಬ್ಬರದ ತೊಟ್ಟಿಗೆ, ಹಸಿಮೇವು ಕೊಳೆಹಾಕುವ ಗುಂಡಿಗೆ ಇದನ್ನು ಆಸರೆ ಕೊಡಬಾರದು. ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಕಟ್ಟಿಗೆಗೆ ಕಚ್ಚಿದ ಲೋಹಗಳನ್ನು ಬಿಡಿಸಿ ಹೊರಗೆಳೆಯುತ್ತವೆ. ಕ್ರಿಯೋಸೋಟ್ ಸ್ಲೀಪರನ್ನು ಮನೆಯ ಒಳಗೆ, ಮಲಗುವ ಕೋಣೆಯಲ್ಲಂತೂ, ಹೊಸ್ತಿಲಾಗಿಯೂ ಇಡಬಾರದು.

ಐದನೆಯ ಹೆಜ್ಜೆ: ಕೊಯ್ಯುವಾಗ

ಬಡಿಗರು ಇದನ್ನು ಕೊಯ್ಯುವುದು ಬಯಲಿನಲ್ಲಿ ಆಗಬೇಕು, ಗಾಳಿಗೆ ಬೆನ್ನು ಮಾಡಿ, ಮೂಗು ಬಾಯಿಗೆ ಬರೀ ಟವೆಲ್ಲಲ್ಲ, ಧೂಳು ತಡೆಯುವ ಸರಿಯಾದ ಮಾಸ್ಕ್ ಕಟ್ಟಿಕೊಂಡು. ಕೆಳಗೆ ತಾಡಪತ್ರಿ ಹಾಸಿ ಹೊಟ್ಟನ್ನೆಲ್ಲ ಅದರಲ್ಲೇ ಹಿಡಿಯಬೇಕು. ಈ ಹೊಟ್ಟನ್ನು ದನದ ಕೆಳಗೆ ಹಾಸಿಗೆಯಾಗಿ, ಕೋಳಿ ಶೆಡ್ಡಿಗೆ, ಹೊಟ್ಟಿನ ಒಲೆಗೆ ಕೊಡುವ ಅಭ್ಯಾಸ ನಿಲ್ಲಬೇಕು. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಚಹಾ ಹಿಡಿಯಬಾರದು, ತಂಬಾಕು ತಿಕ್ಕುವುದಂತೂ ಬೇಡವೇ ಬೇಡ. ಎಸಿಕ್ಯೂ ಕಟ್ಟಿಗೆಗೆ ಸಾದಾ ಮೊಳೆ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಅಥವಾ ಚೆನ್ನಾಗಿ ಗ್ಯಾಲ್ವನೈಸ್ ಮಾಡಿದ ಮೊಳೆಯನ್ನೇ ಹೊಡೆಯಬೇಕು.

ಆರನೆಯ ಹೆಜ್ಜೆ: ಈಗಾಗಲೇ ನಿಂತಿರುವುದನ್ನು ನೋಡಿಕೊಳ್ಳುವುದು

ಗಟ್ಟಿಯಾಗಿ ನಿಂತಿರುವ ಕಂಬವನ್ನು ಹೆದರಿ ಕೀಳಬೇಕಿಲ್ಲ, ಕಿತ್ತರೆ ಅದನ್ನು ಎಲ್ಲಿಡುವುದೆಂಬ ದೊಡ್ಡ ಪ್ರಶ್ನೆ ಹುಟ್ಟುತ್ತದೆ. ಕೈ ತಾಗುವ ಎತ್ತರದವರೆಗೆ ಕಟ್ಟಿಗೆಯೊಳಗೆ ಇಳಿಯುವ ಬಗೆಯ ಎಣ್ಣೆ ಸ್ಟೇನ್ ಅನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಬಳಿದರೆ ಮೇಲ್ಮೈಯಿಂದ ಬಿಡುವ ಆರ್ಸೆನಿಕ್ ಗಣನೀಯವಾಗಿ ತಗ್ಗುತ್ತದೆ. ಸಿಪ್ಪೆಯಂತೆ ಏಳುವ ಪೇಂಟು ಬೇಡ, ಏಕೆಂದರೆ ಅದನ್ನು ತೆಗೆಯಲು ಉಜ್ಜಬೇಕಾಗುತ್ತದೆ, ಉಜ್ಜಿದರೆ ಧೂಳು. ಪಾಚಿ ಕಟ್ಟಿತೆಂದು ಬ್ಲೀಚಿಂಗ್ ಪೌಡರಿನಿಂದ ತೊಳೆಯುವುದು ದೊಡ್ಡ ತಪ್ಪು: ಕಟ್ಟಿಗೆಯಲ್ಲಿ ನಿರುಪದ್ರವ ರೂಪಕ್ಕೆ ತಿರುಗಿದ್ದ ಕ್ರೋಮಿಯಂ ಆಗ ಮತ್ತೆ ಕ್ಯಾನ್ಸರ್ ತರುವ ರೂಪಕ್ಕೆ ಮರಳಬಲ್ಲದು.

ಕಂಬದಿಂದ ಎರಡು ಅಡಿಯೊಳಗೆ ಮೂಲಂಗಿ, ಗಜ್ಜರಿ, ಮೆಂತೆ, ಪಾಲಕ, ರಾಜಗಿರಿ ಬೆಳೆಯಬೇಡಿ. ಬೇರು ಮತ್ತು ಎಲೆಗಳಲ್ಲಿ ಆರ್ಸೆನಿಕ್ ಕೂಡುವಷ್ಟು ಕಾಯಿಯಲ್ಲಿ ಕೂಡುವುದಿಲ್ಲ, ಎಲೆಗೆ ಸಿಡಿದ ಮಣ್ಣಿನದ್ದೂ ಅಷ್ಟೇ ದೊಡ್ಡ ಪಾಲು. ಹೀರೆ ಬಳ್ಳಿ ಹಬ್ಬಿಸಿದ್ದರೆ ಕಾಯಿಯನ್ನು ಚೆನ್ನಾಗಿ ತೊಳೆದು ಬಳಸಿ. ಮಣ್ಣು ಪರೀಕ್ಷೆ ಮಾಡಿಸುವವರು ಒಂದನ್ನು ನೆನಪಿಡಬೇಕು: ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರ ಇದೆ, ಬೋರಾನ್ ಇದೆ, ಆರ್ಸೆನಿಕ್ ಇಲ್ಲ. ಕೃಷಿ ವಿಜ್ಞಾನ ಕೇಂದ್ರದಲ್ಲೋ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲೋ ಮಣ್ಣು ಕೊಡುವಾಗ ಆರ್ಸೆನಿಕ್ ಪರೀಕ್ಷೆ ಎಲ್ಲಿ ಆಗುತ್ತದೆಂದು ಬಾಯಿಬಿಟ್ಟು ವಿಚಾರಿಸಬೇಕು, ಕಂಬದ ಬುಡದ ಮಣ್ಣನ್ನೂ ದೂರದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಕೊಡಬೇಕು. ಹತ್ತಿರದ ಬಾವಿಯ ನೀರಿಗೂ ಇದೇ ಕ್ರಮ.

ಏಳನೆಯ ಹೆಜ್ಜೆ: ಕಿತ್ತ ಕಟ್ಟಿಗೆ ಮತ್ತು ಬೂದಿ

ಇಲ್ಲಿಯೇ ಹೆಚ್ಚು ಜನ ಎಡವುವುದು. ಕಿತ್ತ ಕಟ್ಟಿಗೆ ಒಣಗಿರುತ್ತದೆ, ಚೆನ್ನಾಗಿ ಉರಿಯುತ್ತದೆ, ಪುಕ್ಕಟೆ ಸಿಗುತ್ತದೆ. ನೀರೊಲೆಗೆ, ಹೋಟೆಲಿನ ಭಟ್ಟಿಗೆ, ಮುಧೋಳ, ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣಕ್ಕೆ, ಇಟ್ಟಿಗೆ ಭಟ್ಟಿಗೆ, ಹೋಳಿಯ ಕಾಮಣ್ಣನಿಗೆ ಅದು ಹೋಗುವುದು ಸಹಜ ಅನಿಸುತ್ತದೆ. ಎಲ್ಲಕ್ಕೂ ಒಂದೇ ಉತ್ತರ, ಕೊಡಬೇಡಿ. ಬೆಲ್ಲದ ಕೊಪ್ಪರಿಗೆ ತೆರೆದಿರುತ್ತದೆ, ಹೊಗೆ ಅದರ ಮೇಲೆಯೇ ಹಾಯುತ್ತದೆ. ಕಾಮಣ್ಣನ ಬೂದಿಯನ್ನು ನಾವು ಹಣೆಗೆ ಹಚ್ಚಿಕೊಳ್ಳುತ್ತೇವೆ, ಅದೇ ಬೆಂಕಿ ಮನೆಯ ಒಲೆಗೂ ಬರುತ್ತದೆ. ಪ್ಲೈವುಡ್ ಚೂರುಗಳನ್ನೂ ಇದೇ ಸಾಲಿಗೆ ಸೇರಿಸಿ, ಅವುಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದಲ್ಲದೆ ಹುಳುನಾಶಕ ಬೆರೆಸಿರುವುದೂ ಉಂಟು.

ದನಕರುಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಬೂದಿ ಉಪ್ಪುಪ್ಪಾಗಿರುವುದರಿಂದ ದನ ಅದನ್ನು ಇಷ್ಟಪಟ್ಟು ನೆಕ್ಕುತ್ತವೆ. ಆಸ್ಟ್ರೇಲಿಯಾದಲ್ಲಿ ಕಾಳ್ಗಿಚ್ಚಿಗೆ ಸುಟ್ಟ ಸಿಸಿಎ ಬೇಲಿಕಂಬಗಳ ಬೂದಿ ನೆಕ್ಕಿ ದನಗಳು ಸತ್ತ ಪ್ರಸಂಗಗಳು ಪಶುವೈದ್ಯ ದಾಖಲೆಗಳಲ್ಲಿವೆ. ಇಂಥ ಬೂದಿಯ ಬಳಿ ಮೇಯ್ದ ದನಕ್ಕೆ ಇದ್ದಕ್ಕಿದ್ದಂತೆ ಭೇದಿ, ನಡುಕ, ತೂರಾಡುವುದು ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಸಿ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ, ಬೂದಿ ನೆಕ್ಕಿರಬಹುದೆಂದು ಮೊದಲೇ ಹೇಳಿ.

ಈಗಾಗಲೇ ಸುಟ್ಟಾಗಿದ್ದರೆ ಬೂದಿಯನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಕೈಗವಸು ಹಾಕಿ, ಮೇಲಿನ ಒಂದು ಪದರ ಮಣ್ಣಿನ ಸಮೇತ ಕೆರೆದು ತೆಗೆದು, ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ, ಮೇಲೆ ‘ವಿಷಬೂದಿ’ ಎಂದು ಬರೆದು, ಮಕ್ಕಳಿಗೂ ದನಕ್ಕೂ ಸಿಗದ ಕಡೆ ಇಡಿ. ಈ ಚೀಲವನ್ನೂ ಕಟ್ಟಿಗೆಯ ಉಳಿಕೆಯನ್ನೂ ಮನೆಯ ಅಪಾಯಕಾರಿ ಕಸವೆಂದು ಹೇಳಿ ಪಾಲಿಕೆಗೋ ಪುರಸಭೆಗೋ ಬೇರೆಯಾಗಿ ಕೊಡಬೇಕು. ಪ್ರಮಾಣ ಹೆಚ್ಚಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಬೇಕು. ಉತ್ತರ ಬರುವುದು ತಡವಾಗಬಹುದು, ಅಷ್ಟರವರೆಗೆ ಕಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತರಿಸಿ, ತಗಡಿನ ಕೆಳಗೆ, ಮಳೆ ತಾಗದಂತೆ ಒಟ್ಟಿಟ್ಟರೆ ಹಾನಿಯಿಲ್ಲ. ಹೊಲದಲ್ಲಿ ಹೂಳುವುದು ಪರಿಹಾರವಲ್ಲ. ಗಟ್ಟಿ ತುಂಡುಗಳನ್ನು ಮತ್ತೆ ಬೇಲಿಗೇ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು.

ಎಂಟನೆಯ ಹೆಜ್ಜೆ: ವಿಷವಿಲ್ಲದೆ ನಡೆಯುತ್ತದೆಯೇ ಎಂದು ನೋಡುವುದು

ನಮ್ಮ ಕಡೆ ಹೆಚ್ಚಿನ ಸಲ ನಡೆಯುತ್ತದೆ. ಬಾದಾಮಿ, ಗುಳೇದಗುಡ್ಡ, ಇಳಕಲ್ಲಿನ ಕಲ್ಲಿನ ನಾಡಿನಲ್ಲಿ ಬೇಲಿಗೆ ಕಲ್ಲುಕಂಬ ಸಿಗುವಾಗ ನೆಲದೊಳಗೆ ಕಟ್ಟಿಗೆ ಹೂಳುವ ಅಗತ್ಯವೇ ಕಡಿಮೆ. ಕಟ್ಟಿಗೆಯೇ ಬೇಕಾದಲ್ಲಿ ತೇಗ, ಹೊನ್ನೆ, ಮತ್ತಿ, ಕರಿಜಾಲಿಯ ಕೆಚ್ಚನ್ನು ಆರಿಸಿ ಬಿಳಿಭಾಗವನ್ನು ಕೆತ್ತಿಸಿ ತೆಗೆಯಿರಿ. ಹಳೆಯ ವಾಡೆಗಳನ್ನು, ಮೇಲ್ಮುದ್ದೆ ಮನೆಗಳನ್ನು ನೋಡಿದವರಿಗೆ ಇನ್ನೊಂದು ಪಾಠ ಗೊತ್ತು. ಅಲ್ಲಿನ ಕಂಬ ನೆಲಕ್ಕೆ ತಾಗುವುದಿಲ್ಲ, ಮೊಳದೆತ್ತರದ ಕಲ್ಲಿನ ಮೇಲೆ ನಿಂತಿರುತ್ತದೆ. ಮುಳುಗಡೆಯಾದ ಹಳೆ ಬಾಗಲಕೋಟೆಯಿಂದ ಜನ ನವನಗರಕ್ಕೆ ಬಾಗಿಲು ತೊಲೆಗಳನ್ನು ಕಿತ್ತು ತರಲು ಆದದ್ದು ಅವು ಒಣಗಿಯೇ ಉಳಿದಿದ್ದರಿಂದ. ಕಟ್ಟಿಗೆಯ ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಗೆದ್ದಲು ಬಂದರೂ ಕಲ್ಲಿನ ಮೇಲೆ ಮಣ್ಣಿನ ಸಾಲು ಕಟ್ಟಿಯೇ ಏರಬೇಕಾದ್ದರಿಂದ ವಾರಕ್ಕೊಮ್ಮೆ ನೋಡಿ ಕೆಡವಬಹುದು.

ಟ್ರ್ಯಾಕ್ಟರಿನಿಂದ ತೆಗೆದ ಹಳೆ ಆಯಿಲನ್ನು ಕಂಬಕ್ಕೆ ಬಳಿಯುವುದು ನಮ್ಮಲ್ಲಿ ಬಹಳ. ಅದು ಕ್ರಿಯೋಸೋಟಿನ ಜಾತಿಯ ಹೈಡ್ರೋಕಾರ್ಬನ್‌ಗಳನ್ನೂ ಇಂಜಿನ್ ಸವೆದ ಲೋಹದ ಕಣಗಳನ್ನೂ ಮಣ್ಣಿಗೆ ಇಳಿಸುತ್ತದೆ, ಒಳಗೆ ಹೋಗದ ಕಾರಣ ಕಂಬವನ್ನೂ ಹೆಚ್ಚು ದಿನ ಕಾಯುವುದಿಲ್ಲ. ಬುಡವನ್ನು ಸುಟ್ಟು ಕರಕಲು ಮಾಡುವುದು ನಿರಪಾಯಕಾರಿ, ಆದರೆ ನಂಬಿದಷ್ಟು ಫಲವಿಲ್ಲ. ಕರಕಲಿನ ಬಿರುಕಿನಲ್ಲೇ ಗೆದ್ದಲು ಒಳಸೇರುತ್ತದೆ.

ಮನೆಯೊಳಗಿನ ಜಂತಿ, ಬಿದಿರು, ಕಪಾಟಿಗೆ ಮನೆಯಲ್ಲೇ ಮಾಡಬಹುದಾದದ್ದು ಬಿಳಿಗಾರದ ದ್ರಾವಣ. 100 ಲೀಟರ್ ನೀರಿಗೆ 2 ಕೆ.ಜಿ. ಬೋರಿಕ್ ಆಮ್ಲ, 3 ಕೆ.ಜಿ. ಬಿಳಿಗಾರ, ಅಂದರೆ ಬೋರಾಕ್ಸ್, ಹಾಕಿ ಬಿಸಿನೀರಿನಲ್ಲಿ ಕರಗಿಸಿದರೆ ನೂರಕ್ಕೆ ಐದರ ದ್ರಾವಣವಾಗುತ್ತದೆ. ಗೆಣ್ಣುಗಳಿಗೆ ತೂತು ಕೊರೆದ ಹಸಿ ಬಿದಿರನ್ನು ಇದರಲ್ಲಿ ವಾರದಿಂದ ಹತ್ತು ದಿನ ಮುಳುಗಿಸಿ, ನೆರಳಿನಲ್ಲಿ ಒಣಗಿಸಬೇಕು. ಇದು ನಾರಿಗೆ ಕಚ್ಚುವುದಿಲ್ಲ, ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಬಯಲಿಗೂ ನೆಲಕ್ಕೂ ತಕ್ಕದ್ದಲ್ಲ. ಮಕ್ಕಳ ಕೈಗೆ ಪುಡಿ ಸಿಗಬಾರದು. ಉಳಿದ ದ್ರಾವಣಕ್ಕೆ ಮತ್ತಷ್ಟು ಪುಡಿ ಸೇರಿಸಿ ಮುಂದಿನ ಸಲಕ್ಕೆ ಬಳಸಿ, ದ್ರಾಕ್ಷಿ ತೋಟಕ್ಕಂತೂ ಚೆಲ್ಲಬೇಡಿ, ಇಂಡಿ ಕಡೆಯವರು ಲಿಂಬೆ ಗಿಡದ ಬುಡಕ್ಕೆ ಹನಿಯೂ ಬೀಳದಂತೆ ನೋಡಿಕೊಳ್ಳಿ. ಬೋರಾನ್ ಹೆಚ್ಚಾದರೆ ಮೊದಲು ಸೊರಗುವ ಬೆಳೆಗಳಲ್ಲಿ ಇವೆರಡೂ ಸೇರಿವೆ, ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ.

ಜಮಖಂಡಿಯ ಆ ಮನೆಯಲ್ಲಿ ಉಳಿದಿದ್ದ ಹಸಿರು ತುಂಡುಗಳನ್ನು ಎಣಿಸಿದಾಗ ಮೂವತ್ತೆರಡು ಇದ್ದವು. ಅವು ಈಗ ಹಿತ್ತಲ ತಗಡಿನ ಕೆಳಗೆ ನಾಲ್ಕು ಕಲ್ಲಿನ ಮೇಲೆ ಒಟ್ಟಿಕೊಂಡಿವೆ. ಬೂದಿ ಬೆರೆಸಿದ್ದ ಹೆಸರುಕಾಳನ್ನು ಬಿತ್ತಲೂ ತಿನ್ನಲೂ ತೆಗೆಯದೆ ಬೂದಿಯ ಚೀಲದ ಜೊತೆಗೇ ಕಟ್ಟಿಟ್ಟರು. ಹಂಡೆಯ ಕೆಳಗೆ ತೊಗರಿಕಟ್ಟಿಗೆ ಉರಿಯುತ್ತದೆ, ತಾಮ್ರದ ಕೊಡಕ್ಕೆ ಆಯಿ ಹುಣಸೆಹಣ್ಣು ಹಚ್ಚುತ್ತಾರೆ. ಹೊಸ ಡಬ್ಬಿಯ ಬೂದಿಯನ್ನು ನನಗೆ ತೋರಿಸಿ, “ಇದು ಬರೇ ತೊಗರಿಕಟ್ಟಿಗಿದು, ಬೇರೆ ಒಂದ್ ಕಡ್ಡಿನೂ ಹಾಕಿಲ್ಲ” ಎಂದರು.